ಎಂಟು ಭಾನುವಾರದ ಓದಿಗೆ ಸಲಹೆ ಬೇಕಾಗ್ಯದ: ಸುಖ, ಸಾಕು, ಚಲೋ ಬಾಳು

ತಾಜಬಾವಡಿ (ವಿಜಯಪುರ)

ಎಲ್ಲಾರಿಗೂ ನಮಸ್ಕಾರ್ರಿ. ನಮ್ಮ ಓಣ್ಯಾಗ ಹನ್ನೆರಡು ಮಂದಿಯ ಓದು ಬಳಗ ಅದ. ಕಾಲೇಜಿನ ಮಾಸ್ತರು, ಬ್ಯಾಂಕಿನವರು, ಕಿರಾಣಿ ಅಂಗಡಿಯವರು, ದ್ರಾಕ್ಷಿ ತೋಟದವರು, ನಿವೃತ್ತರು, ಎಲ್ಲಾ ನಮೂನಿ ಮಂದಿ ಇದ್ದಾರ. ಮುಂದಿನ ಎಂಟು ಭಾನುವಾರ ಸುಖ ಅಂದ್ರೇನು, ಚಲೋ ಬಾಳು ಅಂದ್ರೇನು ಅನ್ನೂದನ್ನ ತತ್ವಜ್ಞರ ಮಾತಿನ ಮೂಲಕ ಓದಬೇಕಂತ ಠರಾವ ಆಗ್ಯದ. ಒಂದು ಬೈಠಕ್ ಒಂದೂವರೆ ತಾಸು. ಹುರುಪು ತುಂಬೂ ಭಾಷಣ ಯಾರಿಗೂ ಬ್ಯಾಡ. ಮೂಲದಾಗ ಏನದ ಅನ್ನೂದು ಬೇಕು, ಓದಿದ್ದನ್ನ ಆ ವಾರದಾಗ ಮಾಡಿ ನೋಡಾಕ ಒಂದು ಅಭ್ಯಾಸ ಬೇಕು. ಯಾವುದು ಮೊದಲು, ಯಾವುದು ಆಮ್ಯಾಲ? ಒಂದು ವಾರಕ್ಕ ಎಷ್ಟು ಓದಬಹುದು? ಮಂದಿ ಎಲ್ಲಿ ದಾರಿ ತಪ್ಪತಾರ? ತಿಳದವರು ಬಿಡಿಸಿ ಬರೀರಿ.

ಮಲಪ್ರಭಾ_ದಂಡಿ (ಬಾಗಲಕೋಟೆ ಜಿಲ್ಲೆ)

ಮೊದಲನೇ ಭಾನುವಾರ ಯಾವ ತತ್ವಜ್ಞನನ್ನೂ ಓದಬ್ಯಾಡ್ರಿ ಸರ. ಅವತ್ತು ಪ್ರಶ್ನೆ ಬಿಡಿಸಿಕೊಳ್ಳೂದೇ ಕೆಲಸ. ‘ಸುಖ’ ಅಂದಾಗ ಮೂರು ಬೇರೆ ಬೇರೆ ಸಂಗತಿ ಒಂದರಾಗೊಂದು ಕಲೆತಿರ್ತಾವು. ಒಂದು, ಮನಸ್ಸಿಗೆ ಹಿತ ಅನ್ನಸೂದು. ಎರಡು, ಬಯಸಿದ್ದು ಕೈಗೆ ಸಿಗೂದು. ಮೂರು, ಹೆಂಗ ಅನ್ನಿಸಿದ್ರೂ ಸರಿ, ಬಾಳು ಖರೇನ ಚಲೋ ಇರೂದು. ಇದನ್ನ ಬೇರೆ ಮಾಡದ ಕುಂತ್ರ ಎಂಟನೇ ವಾರದ ತನಕ ಒಬ್ಬರು ಒಂದನ್ನ ಹಿಡಕೊಂಡು, ಇನ್ನೊಬ್ಬರು ಇನ್ನೊಂದನ್ನ ಹಿಡಕೊಂಡು ಜಗಳಾಡತಾರ.

ಬೇರೆ ಮಾಡಾಕ ಚಲೋ ಉಪಾಯ ಅಂದ್ರ ಅಮೆರಿಕದ ತತ್ವಜ್ಞ ರಾಬರ್ಟ್ ನೋಜಿಕ್ 1974ರಲ್ಲಿ ಮುಂದಿಟ್ಟ ‘ಅನುಭವ ಯಂತ್ರ’. ಒಂದು ಯಂತ್ರ ಐತಿ ಅಂತ ತಿಳೀರಿ. ಒಳಗ ಹೋದ್ರ ಬೇಕಾದ ಅನುಭವ ಎಲ್ಲಾ ಸಿಗತಾವು, ಒಳಗಿದ್ದಾಗ ಅದು ಯಂತ್ರ ಅನ್ನೂದು ನೆನಪಿರೂದಿಲ್ಲ. ಜೀವನ ಪೂರ್ತಿ ಒಳಗ ಹೋಗತೀರೇನು? ಉತ್ತರ ಕೈ ಎತ್ತಿಸಿ ಕೇಳಬ್ಯಾಡ್ರಿ, ಹಿರಿಯರ ಕೈ ನೋಡಿ ಕಿರಿಯರು ಎತ್ತತಾರ. ಚೀಟಿಯೊಳಗ ಬರೆಸ್ರಿ. ಆಮ್ಯಾಲ ಪ್ರಶ್ನೆ ತಿರುವಿ ಹಾಕ್ರಿ: ನೀವು ಈಗಾಗಲೇ ಯಂತ್ರದೊಳಗ ಇದ್ದೀರಿ, ನಿಮ್ಮ ಮನಿ, ಮಕ್ಕಳು ಎಲ್ಲಾ ಅದರದೇ. ಹೊರಗ ಬರತೀರೇನು? ಮೊದಲನೇ ಸಲ ‘ಒಲ್ಲೆ, ನನಗ ಖರೇದು ಬೇಕು’ ಅಂದವರು ಎರಡನೇ ಸಲ ಹೊರಗ ಬರಾಕ ಹಿಂದ ಮುಂದ ನೋಡಿದ್ರ, ಅವರು ಹಿಡಕೊಂಡದ್ದು ಖರೇದನ್ನೋ, ಇದ್ದದ್ದು ಇದ್ದಂಗ ಇರಲಿ ಅನ್ನೂ ರೂಢಿಯನ್ನೋ ಅನ್ನೂದು ಹೊರಬೀಳತೈತಿ. ಈ ಎರಡನೇ ಪ್ರಶ್ನೆ ಬಿಟ್ರ ಪ್ರಯೋಗ ಅರ್ಧಕ್ಕ ನಿಂತಂಗ.

ಅದ ದಿನ ಸಮಯ ಉಳದ್ರ ತೈತ್ತಿರೀಯ ಉಪನಿಷತ್ತಿನ ಎರಡನೇ ವಲ್ಲಿಯ ಎಂಟನೇ ಅನುವಾಕ ಓದ್ರಿ, ಒಂದು ಪುಟ ಅಷ್ಟ. ಅಲ್ಲಿ ಆನಂದಕ್ಕ ಅಳತೆ ಹಾಕ್ಯಾರ. ಪ್ರಾಯದವನು, ಒಳ್ಳೆಯವನು, ಓದಿದವನು, ಗಟ್ಟಿ ಮೈಯವನು, ಭೂಮಿ ತುಂಬ ಸಂಪತ್ತು ಇರೂ ಮನುಷ್ಯನ ಆನಂದ ಒಂದು ಅಳತೆ. ಅದರ ನೂರು ಪಟ್ಟು ಮನುಷ್ಯಗಂಧರ್ವರದು, ಅದರ ನೂರು ಪಟ್ಟು ದೇವಗಂಧರ್ವರದು. ಹಿಂಗ ಹತ್ತು ಮೆಟ್ಟಿಲು ಏರಿ ಬ್ರಹ್ಮಾನಂದಕ್ಕ ಮುಟ್ಟತೈತಿ. ಲೆಕ್ಕ ಹಾಕಿದ್ರ 1ರ ಮುಂದ 20 ಸೊನ್ನೆ. ಆದ್ರ ಮನುಷ್ಯನ ಮ್ಯಾಲಿನ ಪ್ರತಿ ಮೆಟ್ಟಿಲಿಗೂ ಒಂದು ಮಾತು ತಿರುಗಿ ತಿರುಗಿ ಬರತೈತಿ: ‘ಶ್ರೋತ್ರಿಯಸ್ಯ ಚಾಕಾಮಹತಸ್ಯ’. ಕಾಮನೆಯ ಹೊಡೆತಕ್ಕ ಸಿಗದ ತಿಳಿದವನಿಗೂ ಅಷ್ಟೇ ಆನಂದ. ಇಂದ್ರ ಆಗಾಕ ಮೆಟ್ಟಿಲು ಹತ್ತಬೇಕು, ಇವನಿಗೆ ಆ ಏಣಿ ಬೇಕಾಗಿಲ್ಲ. ನಿಮ್ಮ ಮುಂದಿನ ಏಳೂ ವಾರದ ಚರ್ಚೆ ಈ ಒಂದು ಸಾಲಿನ ಸುತ್ತ ತಿರಗತೈತಿ.

ಬಿಳಿಜೋಳ (ವಿಜಯಪುರ)

ಎರಡನೇ ವಾರ ಗ್ರೀಸಿನ ತತ್ವಜ್ಞ ಎಪಿಕ್ಯೂರಸ್. ಕ್ರಿ.ಪೂ. 341ರಿಂದ 270. ಮೆನೋಯಿಕಿಯಸ್‌ಗೆ ಬರೆದ ಪತ್ರ ಸಾಕು, ನಾಲ್ಕೈದು ಪುಟ ಆಗತದ. ಈತನ ಹೆಸರು ಕೇಳಿದ್ರ ಮಂದಿಗೆ ಮೋಜು ಮಜಾ ನೆನಪಿಗೆ ಬರತದ. ಬರೆದದ್ದು ನೋಡಿದ್ರ ಪೂರಾ ಉಲ್ಟಾ. ಹಸಿದ ಬಾಯಿಗೆ ರೊಟ್ಟಿ, ನೀರು ಕೊಡೂ ಸುಖಕ್ಕಿಂತ ದೊಡ್ಡದು ಇಲ್ಲ ಅಂತಾನ. ಗೆಳೆಯನಿಗೆ ‘ಒಂದು ಸಣ್ಣ ಗಡಿಗಿ ಚೀಸ್ ಕಳಸು, ಮನಸ್ಸಾದಾಗ ಹಬ್ಬದೂಟ ಮಾಡತೇನಿ’ ಅಂತ ಬರೆದದ್ದನ್ನ ತತ್ವಜ್ಞರ ಚರಿತ್ರೆ ಬರೆದ ಡಯೋಜಿನಿಸ್ ಲೇರ್ಷಿಯಸ್ ದಾಖಲೆ ಮಾಡ್ಯಾನ. ಅಥೆನ್ಸಿನ ಅವನ ತೋಟದಾಗ ಹೆಣ್ಣುಮಕ್ಕಳಿಗೂ ಗುಲಾಮರಿಗೂ ಜಾಗ ಇತ್ತು.

ಅವನ ಕಡಿಯಿಂದ ತಗೋಬೇಕಾದ್ದು ಆಸೆಗಳ ವಿಂಗಡಣೆ. ಸಹಜವೂ ಹೌದು, ಅವಶ್ಯವೂ ಹೌದು ಅನ್ನೂವು ಒಂದು ಪಾಲು. ಸಹಜ ಖರೆ, ಅವಶ್ಯ ಅಲ್ಲ ಅನ್ನೂವು ಎರಡನೇ ಪಾಲು. ಎರಡೂ ಅಲ್ಲದ ಪೊಳ್ಳು ಆಸೆ ಮೂರನೇ ಪಾಲು. ಅವಶ್ಯ ಅನ್ನೂದರಾಗ ಮತ್ತ ಮೂರು ಅವ: ಜೀವ ಉಳಿಯಾಕ ಬೇಕಾದ್ದು, ಮೈ ನೋವಿಲ್ಲದ ಇರಾಕ ಬೇಕಾದ್ದು, ಮನಸ್ಸಿನ ಸುಖಕ್ಕ ಬೇಕಾದ್ದು. ಗೆಳೆತನ, ವಿಚಾರ ಮಾಡೂದು ಕಡೀ ಸಾಲಿಗೆ ಸೇರತಾವ.

ಅಭ್ಯಾಸ ಹಿಂಗ ಮಾಡಸ್ರಿ. ಪ್ರತಿಯೊಬ್ಬರೂ ಕಳೆದ ತಿಂಗಳ ಖರ್ಚು, ಮುಂದಿನ ಒಂದು ವರ್ಷದ ಬಯಕೆ, ಎರಡೂ ಸೇರಿಸಿ ಇಪ್ಪತ್ತು ಬಾಬು ಬರೀಬೇಕು. ಮೂರು ಪಾಲು ಮಾಡಬೇಕು. ಇಲ್ಲಿ ಎಲ್ಲಾರೂ ಒಂದೇ ಕಡೆ ಎಡವತಾರ, ಎಲ್ಲಾ ಬಾಬೂ ಮೊದಲನೇ ಪಾಲಿಗೆ ಸೇರತಾವ. ಅದಕ್ಕ ಎಪಿಕ್ಯೂರಸನ ಇನ್ನೊಂದು ಮಾತು ಬಳಸ್ರಿ: ಪ್ರತಿ ಆಸೆಗೂ ‘ಇದು ಈಡೇರಿದ್ರ ನನಗೇನಾಗತದ? ಈಡೇರದಿದ್ರ ಏನಾಗತದ?’ ಅಂತ ಕೇಳಬೇಕು. ಎರಡನೇ ಪ್ರಶ್ನೆಗೆ ‘ಮೈಗೆ ನೋವಾಗತದ’ ಅನ್ನೂ ಉತ್ತರ ಬಂದ್ರ ಅದು ಅವಶ್ಯ. ‘ನಾಲ್ಕು ಮಂದಿ ಏನಂತಾರ’ ಅನ್ನೂ ಉತ್ತರ ಬಂದ್ರ ಅದು ಮೂರನೇ ಪಾಲಿಂದು. ಮದುವೆ ಇಟ್ಟುಕೊಂಡ ಮನಿಯವರು ಒಂದು ಲಗ್ನದ ಖರ್ಚನ್ನ ಹಿಂಗ ಒಡದು ನೋಡಲಿ. ಬೀಗರಿಗೆ ಊಟ ಹಾಕೂದು ಒಂದು ಪಾಲಿಗೆ ಬೀಳತದ, ಎರಡು ಸಾವಿರ ಎಲೆ ಹಾಕಿಸೂದು ಇನ್ನೊಂದಕ್ಕ, ಅದಕ್ಕಂತ ಹೊಲ ಅಡ ಇಡೂದು ಮತ್ತೊಂದಕ್ಕ.

ಮೂರನೇ ಪಾಲಿನ ಆಸೆಗೆ ಒಂದು ಗುರುತು ಅದ, ಅದಕ್ಕ ಮಿತಿ ಇಲ್ಲ. ಹೊಟ್ಟಿಗೆ ನಾಲ್ಕು ರೊಟ್ಟಿ ಆದ ಮ್ಯಾಲ ಹೊಟ್ಟಿನೇ ಸಾಕು ಅಂತದ. ಹೆಸರಿಗೆ, ಅಧಿಕಾರಕ್ಕ, ರೊಕ್ಕಕ್ಕ ಒಳಗಿಂದ ಸಾಕು ಅನ್ನೂ ದನಿ ಬರೂದಿಲ್ಲ.

ಕೃಷ್ಣಾತೀರ (ಹುನಗುಂದ)

ಬಿಳಿಜೋಳ ಅಣ್ಣಾರ ಕಡೀ ಮಾತಿಗೆ ಸೇರಿಸಿ ಬರೀತೀನಿ. ಮೂರನೇ ವಾರ ದೂರ ಹೋಗೂದು ಬ್ಯಾಡ, ನಮ್ಮ ಶರಣರ ಹತ್ರನ ಬರ್ರಿ. ಕೂಡಲಸಂಗಮ ನಮ್ಮ ಮಗ್ಗಲಕ್ಕ ಐತಿ. ವಚನದ ಕಟ್ಟುಗಳನ್ನ ಊರೂರು ತಿರುಗಿ ಕೂಡಿಸಿ 1923ರಲ್ಲಿ ‘ವಚನಶಾಸ್ತ್ರಸಾರ’ ಹೊರತಂದ ಫ.ಗು. ಹಳಕಟ್ಟಿಯವರು ನಿಮ್ಮ ವಿಜಯಪುರದಾಗ ಇದ್ದುಕೊಂಡು ಆ ಕೆಲಸ ಮಾಡಿದವರು.

ಆಯ್ದಕ್ಕಿ ಮಾರಯ್ಯ, ಲಕ್ಕಮ್ಮ ದಂಪತಿಯ ಸಂಗತಿ ತಗೊಳ್ರಿ. ಮಾರಯ್ಯನ ಕಾಯಕ ಬಿದ್ದ ಅಕ್ಕಿ ಆಯೂದು, ಅದರಲ್ಲೇ ಮನೆ, ಅದರಲ್ಲೇ ಜಂಗಮ ದಾಸೋಹ. ಒಂದು ದಿನ ದಿನದ ಅಳತೆಗಿಂತ ಹೆಚ್ಚು ತಂದ. ಲಕ್ಕಮ್ಮ ಅಕ್ಕಿಯನ್ನ ಮನೆಯೊಳಗ ಬಿಟ್ಟುಕೊಳ್ಳಲಿಲ್ಲ. ‘ಆಸೆಯೆಂಬುದು ಅರಸಿಂಗಲ್ಲದೆ ಶಿವಭಕ್ತರಿಗುಂಟೆ ಅಯ್ಯಾ?’ ಅಂತ ಶುರು ಮಾಡಿ ‘ಈಸಕ್ಕಿಯಾಸೆ ನಿಮಗೇಕೆ?’ ಅಂತ ಕೇಳಿದಳು. ಹೆಚ್ಚಿನದನ್ನ ಇದ್ದಲ್ಲಿಗೇ ಮರಳಿ ಹಾಕಿ ಬಾ ಅಂದಳು.

ಎಪಿಕ್ಯೂರಸನೂ ಸಾಕು ಅಂತಾನ, ಲಕ್ಕಮ್ಮನೂ ಸಾಕು ಅಂತಾಳ. ಕಾರಣ ಬ್ಯಾರೆ. ಅವನಿಗೆ ತನ್ನ ಮನಸ್ಸು ಕದಡಬಾರದು ಅನ್ನೂದು ಮುಖ್ಯ. ಈಕೆಗೆ ಹೆಚ್ಚಿನ ಹಿಡಿ ಅಕ್ಕಿ ಬ್ಯಾರೆಯವರ ಪಾಲು ಅನ್ನೂದು ಮುಖ್ಯ. ಎಪಿಕ್ಯೂರಸ್ ರಾಜಕಾರಣ, ಪೇಟೆಯ ಗದ್ದಲದಿಂದ ದೂರ ಇರ್ರಿ ಅಂತ ಹೇಳಿ ಗೆಳೆಯರೊಂದಿಗೆ ತೋಟದಾಗ ಉಳಿದ. ಶರಣರು ಸಾಕು ಅಂದು ದುಡಿತದೊಳಗ, ಮಂದಿಯೊಳಗ ಉಳಿದ್ರು. ಈ ಅಂತರದ ಮ್ಯಾಲ ಒಂದು ಇಡೀ ಬೈಠಕ್ ಕೂಡ್ರಿ, ಅವಸರ ಮಾಡಬ್ಯಾಡ್ರಿ. ನನ್ನ ತಿಳಿವಳಿಕೆಗೆ ಲಕ್ಕಮ್ಮನ ಸಾಕು ಎಪಿಕ್ಯೂರಸನ ಸಾಕಿಗಿಂತ ಒಂದು ಕೈ ಮ್ಯಾಲ, ಅದರೊಳಗ ಬ್ಯಾರೆಯವರ ಹಸಿವಿಗೂ ಲೆಕ್ಕ ಐತಿ.

ಎಚ್ಚರ ಬೇಕಾದ್ದು ಎರಡು ಕಡೆ. ‘ಕಾಯಕವೇ ಕೈಲಾಸ’ ಅನ್ನೂದನ್ನ ಬಸವಣ್ಣನವರ ಮಾತು ಅಂತ ಬರೀತಾರ, ಅದು ಬರೂದು ಮಾರಯ್ಯನ ವಚನದಾಗ. ಕಾಯಕದಲ್ಲಿ ನಿರತನಾದಡೆ ಗುರುದರ್ಶನವನ್ನೂ ಮರೆಯಬೇಕು ಅಂತ ಆ ವಚನ ಶುರುವಾಗತೈತಿ. ಎರಡನೇದು ಇನ್ನೂ ದೊಡ್ಡ ತಪ್ಪು. ಆ ಮಾತನ್ನ ಗೋಡೆಗೆ ತೂಗುಹಾಕಿ, ಕೂಲಿ ಕಡಿಮೆ ಕೊಟ್ಟು, ತಾಸು ಹೆಚ್ಚು ದುಡಿಸಿಕೊಳ್ಳೂದು. ಕಾಯಕಕ್ಕ ಮೂರು ಷರತ್ತು ಅದಾವು: ಕೆಲಸ ಸತ್ಯಶುದ್ಧ ಇರಬೇಕು, ಅದರಾಗ ಮೇಲು ಕೀಳು ಇರಬಾರದು, ಬಂದದ್ದು ದಾಸೋಹಕ್ಕ ಹೋಗಬೇಕು. ದುಡಿಸೂ ಧಣಿಗೂ ಈ ಮೂರೂ ಅನ್ವಯಿಸತಾವು. ಅವನು ತನ್ನ ಪಾಲಿನ ದಾಸೋಹ ಬಿಟ್ಟು ಆಳಿಗೆ ಮಾತ್ರ ಕಾಯಕ ಹೇಳಿದ್ರ ಅದು ಶರಣರ ತತ್ವ ಆಗೂದಿಲ್ಲ.

ನವನಗರ_ಸೆಕ್ಟರ್ (ಬಾಗಲಕೋಟೆ)

ಇಲ್ಲೇ ನನ್ನ ತಕರಾರು ಐತಿ. ಸಾಕು, ತೃಪ್ತಿ, ಕೈಯಾಗಿದ್ದದ್ದು ಕೈಯಾಗಿಲ್ಲದ್ದು, ಇವೆಲ್ಲ ಇದ್ದವರು ಇಲ್ಲದವರಿಗೆ ಹೇಳೂ ಮಾತು ಆಗ್ಯಾವು. ಆಲಮಟ್ಟಿ ಹಿನ್ನೀರಿಗೆ ಬಾಗಲಕೋಟೆ ಊರ ಅರ್ಧ ಮುಳುಗಿತು. ಮನಿ, ಅಂಗಡಿ, ಓಣಿ, ನಡಕೊಳ್ಳೂ ಗುಡಿ ದರ್ಗಾ ಬಿಟ್ಟು ಮಂದಿ ನವನಗರಕ್ಕ ಬಂದರು. ಹಳ್ಳಿಗಳ ಹೊಲಗಳೂ ಹೋದವು. ಅಂಥವರ ಮುಂದ ಕುಂತು ‘ಹೊರಗಿನದು ನಿನ್ನ ಕೈಯಾಗಿಲ್ಲ, ಮನಸ್ಸು ಗಟ್ಟಿ ಮಾಡು’ ಅಂದ್ರ ಅದು ಸಮಾಧಾನ ಅಲ್ಲ, ಗಾಯದ ಮ್ಯಾಲ ಬರೆ. ಹೊರಗಿನದನ್ನ ಬಿಟ್ಟು ಮನಸ್ಸು ಗಟ್ಟಿ ಮಾಡು ಅನ್ನೂ ಗ್ರೀಕ್-ರೋಮನ್ನರ ಸ್ಟೋಯಿಕ್ ತತ್ವ ಈಗ ಮೊಬೈಲ್ ತುಂಬ ಹರಿದಾಡತೈತಿ. ಓದು ಬಳಗ ಈ ಪ್ರಶ್ನೆ ಎದುರಿಸದ ಮುಂದ ಹೋಗಬಾರದು.

ಗುಮ್ಮಟದ_ದನಿ (ವಿಜಯಪುರ)

ಈ ತಕರಾರು ನ್ಯಾಯವಾದದ್ದು. ಇದಕ್ಕೆ ಎರಡು ಉತ್ತರಗಳಿವೆ, ಎರಡನ್ನೂ ಬೇರೆ ಬೇರೆಯಾಗಿ ನೋಡಬೇಕು.

ಮೊದಲನೆಯದು ಅರಿಸ್ಟಾಟಲನದು. ಬಾಳು ಚೆನ್ನಾಗಿರಲು ಒಳ್ಳೆಯ ಗುಣವೊಂದೇ ಸಾಲದು ಎಂದು ಅವನು ಒಪ್ಪುತ್ತಾನೆ. ಗೆಳೆಯರು, ಒಂದಿಷ್ಟು ಆಸ್ತಿ, ಮಕ್ಕಳು, ಆರೋಗ್ಯ, ಊರಿನ ವ್ಯವಸ್ಥೆ ಇವೂ ಬೇಕು. ಟ್ರಾಯ್ ನಗರದ ಅರಸ ಪ್ರಯಾಮನ ಉದಾಹರಣೆ ಕೊಡುತ್ತಾನೆ. ಮುಪ್ಪಿನಲ್ಲಿ ಮಕ್ಕಳನ್ನೂ ರಾಜ್ಯವನ್ನೂ ಕಳೆದುಕೊಂಡವನನ್ನು ಯಾರೂ ಸುಖಿ ಎನ್ನಲಾರರು. ಆದರೂ ಒಳ್ಳೆಯವನು ಅಂಥ ಹೊತ್ತಿನಲ್ಲೂ ನೀಚನಾಗುವುದಿಲ್ಲ ಎಂಬ ಮಾತನ್ನು ಸೇರಿಸುತ್ತಾನೆ. ಹೀಗಾಗಿ ಅರಿಸ್ಟಾಟಲನ ಪ್ರಕಾರ ಮುಳುಗಡೆಯಾದವನಿಗೆ ಆದದ್ದು ನಿಜವಾದ ನಷ್ಟ, ಅದನ್ನು ತುಂಬಿಕೊಡುವುದು ಊರಿನ ಹೊಣೆ. ‘ನಿಕೊಮೇಕಿಯನ್ ಎಥಿಕ್ಸ್’ನ ಮೊದಲ ಭಾಗದ 8ರಿಂದ 10ನೆಯ ಅಧ್ಯಾಯದವರೆಗೆ ಓದಿ, ಇದು ಸಿಗುತ್ತದೆ.

ಎರಡನೆಯದು ಸ್ಟೋಯಿಕರದು. ಮೊಬೈಲಿನಲ್ಲಿ ಹರಿದಾಡುವುದಕ್ಕೂ ಮೂಲಕ್ಕೂ ಬಹಳ ದೂರ. ಸ್ಟೋಯಿಕ್ ಗುರು ಎಪಿಕ್ಟೀಟಸ್ ಹುಟ್ಟಿನಿಂದ ಗುಲಾಮ, ಇದ್ದವರ ಮನೆಯ ಮಗನಲ್ಲ. ಅವನ ಶಿಷ್ಯ ಏರಿಯನ್ ಕೂಡಿಸಿದ ಕೈಪಿಡಿಯ ಮೊದಲ ಅಧ್ಯಾಯ ಹೇಳುವುದಿಷ್ಟು: ನಮ್ಮ ಅಭಿಪ್ರಾಯ, ಪ್ರವೃತ್ತಿ, ಬಯಕೆ, ಜಿಗುಪ್ಸೆ ನಮ್ಮ ಕೈಯಲ್ಲಿವೆ. ಮೈ, ಆಸ್ತಿ, ಕೀರ್ತಿ, ಅಧಿಕಾರ ನಮ್ಮ ಕೈಯಲ್ಲಿಲ್ಲ. ಹಾಗೆಂದು ಕೈಕಟ್ಟಿ ಕೂರು ಎಂದು ಅವನು ಎಲ್ಲಿಯೂ ಹೇಳಿಲ್ಲ. ಸ್ಟೋಯಿಕರ ಬಿಲ್ಲುಗಾರನ ಉದಾಹರಣೆಯನ್ನು ರೋಮಿನ ಲೇಖಕ ಸಿಸೆರೊ ಉಳಿಸಿಕೊಟ್ಟಿದ್ದಾನೆ. ಬಿಲ್ಲು ಆರಿಸುವುದು, ಹೆದೆ ಎಳೆಯುವುದು, ಗುರಿ ಹಿಡಿಯುವುದು, ಸರಿಯಾದ ಕ್ಷಣದಲ್ಲಿ ಬಿಡುವುದು ಅವನ ಕೆಲಸ, ಇದರಲ್ಲಿ ಒಂದು ಕೂದಲೆಳೆಯಷ್ಟೂ ಕೊರತೆ ಇರಕೂಡದು. ಬಿಟ್ಟ ಮೇಲೆ ಗಾಳಿ ಬೀಸಿದರೆ ಅದು ಅವನ ಸೋಲಲ್ಲ.

ಪರಿಹಾರ ಕೇಳುವವನಿಗೆ ಇದನ್ನು ಹಚ್ಚಿ ನೋಡಿ. ಪಹಣಿ ಕೂಡಿಸುವುದು, ಅರ್ಜಿ ಬರೆಯುವುದು, ತಾರೀಖಿಗೆ ಹಾಜರಾಗುವುದು, ಊರವರನ್ನು ಒಂದುಗೂಡಿಸುವುದು, ತೀರ್ಪು ಒಪ್ಪಿಗೆಯಾಗದಿದ್ದರೆ ಮೇಲ್ಮನವಿ ಹಾಕುವುದು, ಎಲ್ಲವೂ ಕೈಯಲ್ಲಿರುವವು. ತೀರ್ಪು ಕೈಯಲ್ಲಿಲ್ಲ. ಸ್ಟೋಯಿಕ್ ಆದವನು ಈ ಹೋರಾಟವನ್ನು ಇನ್ನೊಬ್ಬರಿಗಿಂತ ಹೆಚ್ಚು ದಿನ ನಡೆಸಬಲ್ಲ, ಪ್ರತಿ ತಾರೀಖಿಗೂ ಅವನ ಎದೆ ಒಡೆಯುವುದಿಲ್ಲ. ಈ ತತ್ವವನ್ನು ತನಗೆ ತಾನು ಹೇಳಿಕೊಳ್ಳಬೇಕು. ನೊಂದವನಿಗೆ ಹೊರಗಿನವನು ಹೇಳಿದರೆ ಅದರ ಕ್ರೌರ್ಯ ನೀವು ಹೇಳಿದಷ್ಟೇ ಇರುತ್ತದೆ. ಎಪಿಕ್ಟೀಟಸನೇ ಕೈಪಿಡಿಯಲ್ಲಿ, ದುಃಖದಲ್ಲಿರುವವನ ಜೊತೆ ಸಹಾನುಭೂತಿಯ ಮಾತಾಡು, ಬೇಕಾದರೆ ಅವನ ಜೊತೆ ನರಳು, ಒಳಗಿನಿಂದ ಮಾತ್ರ ಕುಸಿಯಬೇಡ ಎನ್ನುತ್ತಾನೆ.

ನವನಗರ_ಸೆಕ್ಟರ್

ಈ ರೀತಿ ಓದಿಸಿದ್ರ ಅಡ್ಡಿ ಇಲ್ರಿ. ನಾಲ್ಕನೇ ವಾರ ಅರಿಸ್ಟಾಟಲ್, ಐದನೇ ವಾರ ಎಪಿಕ್ಟೀಟಸ್, ಈ ಅನುಕ್ರಮನ ಇರಲಿ. ನಷ್ಟ ಖರೇ ನಷ್ಟ ಅಂತ ಒಪ್ಪಿಕೊಂಡ ಮ್ಯಾಲ ಮನಸ್ಸು ಗಟ್ಟಿ ಮಾಡೂ ಮಾತು ಬರಬೇಕು.

ಒಣದ್ರಾಕ್ಷಿ_ಶೆಡ್ (ತಿಕೋಟಾ)

ಬಿಲ್ಲುಗಾರ ನಮ್ಮ ಕಡೆ ಯಾರಿಗೂ ಗೊತ್ತಿಲ್ರಿ, ಮಣೂಕ (ಒಣದ್ರಾಕ್ಷಿ) ಎಲ್ಲಾರಿಗೂ ಗೊತ್ತದ. ಐದನೇ ವಾರಕ್ಕ ಈ ಲೆಕ್ಕ ಬಳಸ್ರಿ. ಹಣ್ಣಿನ ಸಕ್ಕರಿ 20–22 ಬ್ರಿಕ್ಸ್ ಬರೂ ತನಕ ಕಾಯೂದು ಕೈಯಾಗದ. 100 ಲೀಟರ್ ನೀರಿಗೆ ಸುಮಾರು ಎರಡೂವರೆ ಕಿಲೊ ಪೊಟ್ಯಾಸಿಯಂ ಕಾರ್ಬೊನೇಟ್, ಒಂದೂವರೆ ಲೀಟರ್ ಡಿಪ್ಪಿಂಗ್ ಆಯಿಲ್ ಹಾಕಿ ಗೊನಿ ಅದ್ದೂದು ಕೈಯಾಗದ. ಶೆಡ್ಡಿನ ಬಲೆ ಮ್ಯಾಲ ತೆಳ್ಳಗ ಹರವೂದು, ಮಗ್ಗಲದಾಗ ತಾಡಪತ್ರಿ ತಯಾರ ಇಡೂದು ಕೈಯಾಗದ. ಹದಿನೈದು ದಿನದ ಸುಮಾರಿಗೆ ಒಣಗತದ, ನಾಲ್ಕು ಕಿಲೊ ಹಣ್ಣಿಗೆ ಒಂದು ಕಿಲೊ ಮಣೂಕ. ನಡುವ ಅಕಾಲ ಮಳಿ ಬಂದು ಬಣ್ಣ ಕಪ್ಪಾಗೂದು, ಲಿಲಾವಿನ್ಯಾಗ ದರ ಬೀಳೂದು ಕೈಯಾಗಿಲ್ಲ.

ಈಗಿನ ಕೆಲವು ಪುಸ್ತಕದಾಗ ‘ಅರ್ಧ ಕೈಯಾಗದ’ ಅಂತ ಮೂರನೇ ಸಾಲು ಹಾಕ್ತಾರ. ದರ ಅರ್ಧ ನಮ್ಮ ಕೈಯಾಗದ, ಗುಣಮಟ್ಟ ಚಲೋ ಮಾಡಿದ್ರ ದರ ಬರತದ, ಅಂತ. ಆ ಸಾಲು ಬ್ಯಾಡ್ರಿ. ಅರ್ಧ ಅನ್ನೂದನ್ನ ಒಡದ್ರ ಒಳಗ ಎರಡ ತುಂಡು ಸಿಗತಾವ, ಗುಣಮಟ್ಟ ಪೂರಾ ನಮ್ಮ ಕೆಲಸ, ದರ ಪೂರಾ ಪ್ಯಾಟಿದು. ಮೂರನೇ ಸಾಲು ಬಂದ ಕೂಡ್ಲೆ ಚಿಂತಿ ಎಲ್ಲಾ ಅದರಾಗ ಬಂದು ಕೂಡತದ.

ಗಡಿನಾಡ_ಓದು (ಬೆಳಗಾವಿ)

ನಾಲ್ಕನೆಯ ವಾರದ ಅರಿಸ್ಟಾಟಲ್‌ಗೆ ಅಭ್ಯಾಸದ ಭಾಗ ನಾನು ಸೇರಿಸುತ್ತೇನೆ. ಅವನ ‘ನಡುದಾರಿ’ಯನ್ನು ಎಲ್ಲರೂ ಸರಿಯಾಗಿ ಅರ್ಧ ಎಂದೇ ಓದುತ್ತಾರೆ. ಎರಡನೆಯ ಭಾಗದ 6ನೆಯ ಅಧ್ಯಾಯದಲ್ಲಿ ಅವನೇ ಇದಕ್ಕೆ ತಡೆ ಹಾಕಿದ್ದಾನೆ. ಹತ್ತು ಮಿನಾ ತೂಕದ ಊಟ ಹೆಚ್ಚು, ಎರಡು ಮಿನಾ ಕಡಿಮೆ ಎಂದರೆ ಗರಡಿಯ ಉಸ್ತಾದ ಎಲ್ಲರಿಗೂ ಆರು ಮಿನಾ ಬಡಿಸುವುದಿಲ್ಲ. ಮಿಲೋ ಎಂಬ ಹೆಸರಾಂತ ಪೈಲ್ವಾನನಿಗೆ ಅದು ಸಾಲದು, ಹೊಸದಾಗಿ ಗರಡಿಗೆ ಬಂದವನಿಗೆ ಅದೇ ಹೆಚ್ಚು. ಯಾರಿಗೆ, ಯಾವಾಗ, ಎಷ್ಟು, ಯಾವ ಕಾರಣಕ್ಕೆ, ಯಾವ ರೀತಿ ಎಂಬ ಐದು ಪ್ರಶ್ನೆಗೆ ಸರಿಯುತ್ತರ ಸಿಕ್ಕಲ್ಲಿ ನಡು ಇರುತ್ತದೆ.

ವಾರದ ಅಭ್ಯಾಸಕ್ಕೆ ಒಂದೇ ಗುಣ ಆರಿಸಿಕೊಳ್ಳಿ, ಸಿಟ್ಟು ಎಂದಿಟ್ಟುಕೊಳ್ಳಿ. ಸಿಟ್ಟು ಬಂದ ಪ್ರತಿ ಸಲ ಐದು ಪ್ರಶ್ನೆಗಳಲ್ಲಿ ಎಲ್ಲಿ ತಪ್ಪಿತು ಎಂದು ಒಂದು ಸಾಲು ಬರೆಯಿರಿ. ಆಫೀಸಿನ ಸಿಟ್ಟು ಮನೆಯಲ್ಲಿ ತೀರಿಸಿದರೆ ‘ಯಾರಿಗೆ’ ತಪ್ಪಿತು. ಮಗ ಪರೀಕ್ಷೆಗೆ ಹೊರಡುವ ಹೊತ್ತಿಗೆ ಬೈದರೆ ‘ಯಾವಾಗ’ ತಪ್ಪಿತು. ಅನ್ಯಾಯ ಕಂಡು ಸಿಟ್ಟೇ ಬರದಿದ್ದರೆ ಅದೂ ಅವನ ಲೆಕ್ಕದಲ್ಲಿ ಕೊರತೆಯೇ. ಗುಣ ಕೂಡಿಬರುವುದು ರೂಢಿಯಿಂದ, ಒಂದು ದಿನದ ಸಂಕಲ್ಪದಿಂದಲ್ಲ ಎಂಬ ಕಾರಣಕ್ಕೆ ಒಂದು ವಾರಕ್ಕೆ ಎರಡು ಗುಣ ಹಿಡಿಯಬೇಡಿ.

ಗೆಳೆತನದ ಬಗೆಗಿನ 8, 9ನೆಯ ಭಾಗಗಳನ್ನು ಬಿಟ್ಟು ಅರಿಸ್ಟಾಟಲ್ ಮುಗಿಸುವವರೇ ಹೆಚ್ಚು. ಹತ್ತು ಭಾಗಗಳಲ್ಲಿ ಎರಡು ಪೂರ್ತಿ ಭಾಗ ಗೆಳೆತನಕ್ಕೆ ಕೊಟ್ಟಿದ್ದಾನೆ ಎಂದರೆ ಅದಕ್ಕೆ ಅರ್ಥವಿದೆ. ಲಾಭಕ್ಕಾಗಿ, ಮೋಜಿಗಾಗಿ, ಒಬ್ಬರ ಒಳ್ಳೆಯತನಕ್ಕಾಗಿ ಎಂದು ಮೂರು ಬಗೆ. ಮೊದಲೆರಡು ಕಾರಣ ತೀರಿದೊಡನೆ ತೀರುತ್ತವೆ. ಮೂರನೆಯದು ನಿಧಾನ, ಜೊತೆಗೆ ಉಪ್ಪು ಉಂಡು ಮುಗಿಸಿದ ಮೇಲೆಯೇ ಒಬ್ಬರನ್ನೊಬ್ಬರು ಅರಿಯುವುದು ಎಂಬ ಗಾದೆಯನ್ನು ಅವನೇ ಎತ್ತಿ ಹೇಳುತ್ತಾನೆ. ಉಪ್ಪಿನ ಋಣದ ಮಾತು ನಮ್ಮಲ್ಲೂ ಇದೆ, ಚರ್ಚೆಗೆ ಹಿಡಿತ ಸಿಗುತ್ತದೆ.

ಇನ್ನೊಂದು ಮಾತು. ‘ನಾನೀಗ ಸುಖವಾಗಿದ್ದೇನೆಯೇ’ ಎಂದು ದಿನಾ ಬರೆಯಿಸುವ ಅಭ್ಯಾಸ ಇಡಬೇಡಿ. ಇಂಗ್ಲೆಂಡಿನ ತತ್ವಜ್ಞ ಜಾನ್ ಸ್ಟುವರ್ಟ್ ಮಿಲ್ 1826ರಲ್ಲಿ, ಇಪ್ಪತ್ತರ ಹರೆಯದಲ್ಲಿ ತೀವ್ರ ಮಂಕಿಗೆ ಬಿದ್ದು ಎದ್ದವನು. ಸುಖಿಯೇ ಎಂದು ಕೇಳಿಕೊಂಡ ಕೂಡಲೇ ಸುಖ ಹೋಗುತ್ತದೆ, ಬೇರೆ ಏನನ್ನಾದರೂ ಗುರಿ ಮಾಡಿಕೊಂಡವರಿಗೆ ದಾರಿಯಲ್ಲಿ ಅದು ಸಿಗುತ್ತದೆ ಎಂದು ಆತ್ಮಕಥೆಯಲ್ಲಿ ಬರೆದಿದ್ದಾನೆ. ದಿನಚರಿಯಲ್ಲಿ ಮಾಡಿದ ಕೆಲಸವನ್ನು ಬರೆಯಿಸಿ, ಮನಸ್ಸಿನ ಅಂಕವನ್ನಲ್ಲ.

ಸಕ್ಕರೆಪಟ್ಟಿ (ಮುಧೋಳ)

ರೊಕ್ಕ ಹೆಚ್ಚಾದ್ರ ಸುಖ ಹೆಚ್ಚಾಗತೈತೇನು? ಸಂಶೋಧನೆ ಏನಂತಾವು? ಲಾಟರಿ ಹತ್ತಿದವರೂ, ಅಪಘಾತದಾಗ ಕಾಲು ಹೋದವರೂ ಒಂದು ವರ್ಷಕ್ಕ ಒಂದೇ ಮಟ್ಟಕ್ಕ ಬರತಾರ ಅಂತ ಎಲ್ಲಾ ಕಡೆ ಹೇಳತಾರಲ್ಲ?

ಗುಮ್ಮಟದ_ದನಿ

ಆ ಮಾತನ್ನು ಬಳಗದಲ್ಲಿ ಹಾಗೇ ಹೇಳಬೇಡಿ. 1978ರ ಅಮೆರಿಕದ ಅಧ್ಯಯನ ಅದು. ಲಾಟರಿ ಗೆದ್ದವರು 22, ಅಪಘಾತದಲ್ಲಿ ಅಂಗಬಲ ಕಳೆದುಕೊಂಡವರು 29, ಹೋಲಿಕೆಗೆ ಸಾಮಾನ್ಯರು 22. ಐದರ ಅಳತೆಯಲ್ಲಿ ಗೆದ್ದವರಿಗೆ 4.00, ಸಾಮಾನ್ಯರಿಗೆ 3.82, ಅಪಘಾತಕ್ಕೊಳಗಾದವರಿಗೆ 2.96. ಗೆದ್ದವರು ಸಾಮಾನ್ಯರಿಗಿಂತ ಹೇಳಿಕೊಳ್ಳುವಷ್ಟು ಮೇಲಿಲ್ಲ ಎಂಬುದು ಸರಿ. ಅಪಘಾತದವರು ಸ್ಪಷ್ಟವಾಗಿ ಕೆಳಗಿದ್ದರು. ಎಲ್ಲರೂ ಒಂದೇ ಮಟ್ಟಕ್ಕೆ ಬಂದರು ಎನ್ನುವುದು ಆ ನೋವನ್ನು ಅಳಿಸಿಹಾಕಿದಂತೆ. ಅಧ್ಯಯನದಲ್ಲಿದ್ದವರ ಸಂಖ್ಯೆಯೂ ಚಿಕ್ಕದು.

ಆದಾಯದ ವಿಷಯದಲ್ಲಿ ಎರಡು ಅಳತೆ ಬೆರೆಸಬೇಡಿ. ದಿನದ ಭಾವ ಹೇಗಿತ್ತು ಎಂಬುದು ಒಂದು, ಹತ್ತು ಮೆಟ್ಟಿಲ ಏಣಿಯಲ್ಲಿ ನಿಮ್ಮ ಬಾಳು ಎಷ್ಟನೆಯದರಲ್ಲಿದೆ ಎಂಬುದು ಇನ್ನೊಂದು. 2010ರಲ್ಲಿ ಸಂಶೋಧಕರಾದ ಕಾನೆಮನ್ ಮತ್ತು ಡೀಟನ್, ವರ್ಷಕ್ಕೆ 75,000 ಡಾಲರ್ ದಾಟಿದ ಮೇಲೆ ದಿನದ ಭಾವ ಏರುವುದಿಲ್ಲ, ಏಣಿಯ ಲೆಕ್ಕ ಏರುತ್ತಲೇ ಇರುತ್ತದೆ ಎಂದರು. 2021ರಲ್ಲಿ ಕಿಲ್ಲಿಂಗ್ಸ್‌ವರ್ತ್, ಭಾವವೂ ಏರುತ್ತದೆ ಎಂದ. 2023ರಲ್ಲಿ ಕಾನೆಮನ್, ಕಿಲ್ಲಿಂಗ್ಸ್‌ವರ್ತ್ ಜೊತೆಗೂಡಿ ಮತ್ತೆ ಲೆಕ್ಕ ಹಾಕಿದಾಗ ಬಹುಪಾಲು ಜನರಲ್ಲಿ ಏರುತ್ತದೆ, ತೀರಾ ಅಸುಖಿಗಳಲ್ಲಿ ಮಾತ್ರ ಒಂದು ಮಟ್ಟದ ಮೇಲೆ ನಿಲ್ಲುತ್ತದೆ ಎಂದು ಕಂಡಿತು. ಇವೆಲ್ಲ ಅಮೆರಿಕದ ಸಂಬಳದ ಲೆಕ್ಕ. ರೂಪಾಯಿಗೆ ಬದಲಿಸಿ ಮುಧೋಳಕ್ಕೆ ಹಚ್ಚಲು ಬರುವುದಿಲ್ಲ. ಇದಕ್ಕೆ ಇಪ್ಪತ್ತು ನಿಮಿಷಕ್ಕಿಂತ ಹೆಚ್ಚು ಕೊಡಬೇಡಿ.

ಡೋಣಿ_ಹೊಳಿ (ವಿಜಯಪುರ ಜಿಲ್ಲೆ)

ಆರನೇ ವಾರ ಗೀತೆಯ 18ನೇ ಅಧ್ಯಾಯ, 36ರಿಂದ 39. ನಾಲ್ಕ ಶ್ಲೋಕ. ಮೊದಲಿಗೆ ವಿಷದಂಗ, ಕಡೀಕ ಅಮೃತದಂಗ ಇರೂದು ಸಾತ್ವಿಕ ಸುಖ. ಮೊದಲಿಗೆ ಅಮೃತ, ಕಡೀಕ ವಿಷ ಆಗೂದು ರಾಜಸ. ಮೊದಲೂ ಕಡೀಕೂ ಮಂಕು ಬಡಿಸೂದು, ನಿದ್ದಿ, ಆಲಸ್ಯ, ಅಜಾಗ್ರತೆಯಿಂದ ಬರೂದು ತಾಮಸ. ತಪ್ಪು ಆಗೂದು ಇಲ್ಲಿ: ಕಷ್ಟದ್ದು ಎಲ್ಲಾ ಸಾತ್ವಿಕ ಅಂತ ತಿಳಿಯೂದು. ಮೈ ಮುರಿಯೂ ಹಂಗ ಉಪವಾಸ, ಜಾಗರಣೆ ಮಾಡೂದು ಗೀತೆಗೂ ಒಪ್ಪಿಗೆ ಇಲ್ಲ. 6ನೇ ಅಧ್ಯಾಯದ 17ನೇ ಶ್ಲೋಕ ಊಟ, ಓಡಾಟ, ನಿದ್ದಿ, ಎಚ್ಚರ ಎಲ್ಲಾ ಹದದಾಗ ಇರಬೇಕು ಅಂತದ. ಎರಡನ್ನೂ ಜೋಡಿಸಿ ಓದಬೇಕು.

ಅದ ವಾರ ಬುದ್ಧನ ಎರಡು ಬಾಣದ ಉಪದೇಶ ಸೇರಸ್ರಿ, ಬೌದ್ಧರ ಪಾಲಿ ಗ್ರಂಥ ಸಂಯುತ್ತ ನಿಕಾಯದ್ದು. ಮೈಗೆ ತಾಗೂ ನೋವು ಮೊದಲನೇ ಬಾಣ. ‘ನನಗs ಯಾಕ ಹಿಂಗ’ ಅಂತ ಗೋಳಾಡೂದು ಎರಡನೇ ಬಾಣ. ಅಭ್ಯಾಸಿಗೂ ಮೊದಲನೇದು ತಾಗತದ, ಎರಡನೇದು ತಾಗೂದಿಲ್ಲ. ನವನಗರದವರ ತಕರಾರಿಗೂ ಇದರಾಗ ಉತ್ತರ ಅದ, ಮೊದಲನೇ ಬಾಣ ಸುಳ್ಳು ಅಂತ ಬುದ್ಧ ಎಲ್ಲೂ ಹೇಳಿಲ್ಲ.

ಪತಂಜಲಿಯ ಯೋಗಸೂತ್ರದ 1.33 ಒಂದು ವಾರ ಪೂರಾ ಮಾಡಿ ನೋಡೂವಂಥದು. ಸುಖದಾಗ ಇರೂವವರ ಕೂಡ ಮೈತ್ರಿ, ದುಃಖದಾಗ ಇರೂವವರಿಗೆ ಕರುಣೆ, ಪುಣ್ಯ ಮಾಡೂವವರನ್ನ ಕಂಡು ಮುದಿತೆ (ಸಂತೋಷ), ಪಾಪ ಮಾಡೂವವರ ಬಗ್ಗೆ ಉಪೇಕ್ಷೆ. ಕರುಣೆ ಮಂದಿಗೆ ಸುಲಭ ಬರತದ. ಮಗ್ಗಲ ಹೊಲದವನ ಬೆಳಿಗೆ ಚಲೋ ದರ ಬಂದಾಗ ಮೈತ್ರಿ ಹಿಡಿಯೂದು ಭಾಳ ಕಠಿಣ, ಅದರಿಂದಲೇ ಶುರು ಮಾಡಸ್ರಿ.

ನಿಮ್ಮ ಊರಾಗೇ ಜ್ಞಾನಯೋಗಾಶ್ರಮ ಅದ. ಅಲ್ಲಿನ ಸಿದ್ಧೇಶ್ವರ ಸ್ವಾಮೀಜಿಯವರು 2018ರಲ್ಲಿ ಪದ್ಮಶ್ರೀಯನ್ನ ವಿನಯದಿಂದ ಬ್ಯಾಡ ಅಂದ್ರು, ಕಿಸೆ ಇಲ್ಲದ ಅಂಗಿ ತೊಟ್ರು, 2023ರ ಜನವರಿ 2ರಂದು ದೇಹ ಬಿಟ್ರು, ಸ್ಮಾರಕ ಕಟ್ಟಬ್ಯಾಡ್ರಿ ಅಂತ ಮೊದಲೇ ಬರೆದಿಟ್ಟಿದ್ರು. ಅವರ ಪ್ರವಚನ ಕೇಳಿದ ಹಿರಿಯರು ನಿಮ್ಮ ಬಳಗದಾಗ ಇದ್ದೇ ಇರತಾರ. ಅವರನ್ನ ಆರನೇ ವಾರ ಮಾತಾಡಸ್ರಿ. ತೈತ್ತಿರೀಯದ ‘ಅಕಾಮಹತ’ (ಕಾಮನೆಯ ಹೊಡೆತಕ್ಕ ಸಿಗದವ) ಅನ್ನೂದನ್ನ ಪುಸ್ತಕಕ್ಕಿಂತ ಅವರು ಚಲೋ ಹೇಳತಾರ.

ಕೃಷ್ಣಾತೀರ

ಏಳನೇ ವಾರಕ್ಕ ರಾತ್ರಿಯ ಲೆಕ್ಕ ಇಡ್ರಿ. ರೋಮಿನ ಸ್ಟೋಯಿಕ್ ತತ್ವಜ್ಞ ಸೆನೆಕಾ ‘ಸಿಟ್ಟು’ ಕುರಿತ ಬರಹದ ಮೂರನೇ ಭಾಗದಾಗ ಹೇಳ್ತಾನ: ದೀಪ ಆರಿದ ಮ್ಯಾಲ, ಹೆಂಡತಿ ಸುಮ್ಮನಾದ ಮ್ಯಾಲ, ಇಡೀ ದಿನದ ಮಾತು, ಕೆಲಸ ತಿರುಗಿ ನೋಡ್ತೇನಿ, ಯಾವುದನ್ನೂ ಮುಚ್ಚಿಡೂದಿಲ್ಲ, ‘ಇನ್ನ ಹಿಂಗ ಮಾಡಬ್ಯಾಡ, ಈ ಸಲ ಕ್ಷಮಿಸಿದೆ’ ಅಂತ ತನಗs ಹೇಳಿಕೊಳ್ತೇನಿ. ಪ್ರಶ್ನೆಗಳನ್ನ ನಮ್ಮಲ್ಲಿಂದ ತಗೊಳ್ರಿ. ಕಳಬೇಡ, ಕೊಲಬೇಡ, ಹುಸಿಯ ನುಡಿಯಲು ಬೇಡ, ಮುನಿಯಬೇಡ, ಅನ್ಯರಿಗೆ ಅಸಹ್ಯಪಡಬೇಡ, ತನ್ನ ಬಣ್ಣಿಸಬೇಡ, ಇದಿರ ಹಳಿಯಲು ಬೇಡ. ಏಳು ಪ್ರಶ್ನೆ. ಏಳರಾಗ ಮೂರು ನಾಲಿಗೆಗೆ ಸೇರಿದ್ದು ಅನ್ನೂದನ್ನ ಗಮನಿಸ್ರಿ. ಹತ್ತು ನಿಮಿಷದ ಮ್ಯಾಲ ಕೂಡಬಾರದು, ಕುಂತ್ರ ಅದು ತನ್ನನ್ನ ತಾ ಬಡಕೊಳ್ಳೂದು ಆಗತೈತಿ. ಸೆನೆಕಾನ ‘ಕ್ಷಮಿಸಿದೆ’ ಅನ್ನೂ ಮಾತು ಬಿಟ್ರ ಅಭ್ಯಾಸ ಕೆಡತೈತಿ.

ಗಡಿನಾಡ_ಓದು

ಒಂದು ಜಾಗ್ರತೆ. ಇಂಥ ಬಳಗಕ್ಕೆ ಮನಸ್ಸು ಕುಗ್ಗಿದವರೂ ಬರುತ್ತಾರೆ. ಎರಡು ವಾರಕ್ಕಿಂತ ಹೆಚ್ಚು ಕಾಲ ನಿದ್ದೆ, ಊಟ, ಕೆಲಸದ ಮೇಲಿನ ಆಸಕ್ತಿ ಕೆಟ್ಟಿದ್ದರೆ, ಸಾಯುವ ಮಾತು ಬಂದರೆ, ಅವರಿಗೆ ಎಪಿಕ್ಟೀಟಸ್ ಓದಿಸುವ ಹೊತ್ತು ಅದಲ್ಲ. ಟೆಲಿ ಮಾನಸ್ ಸಹಾಯವಾಣಿ 14416 ಹಗಲು ರಾತ್ರಿ ಇರುತ್ತದೆ, ಕನ್ನಡದಲ್ಲಿ ಮಾತಾಡಬಹುದು. ಜಿಲ್ಲಾ ಆಸ್ಪತ್ರೆಯ ಮನೋವೈದ್ಯರ ಬಳಿಗೆ ಜೊತೆಗೆ ಹೋಗಿ ಬನ್ನಿ. ರಾತ್ರಿಯ ಲೆಕ್ಕದ ಅಭ್ಯಾಸವನ್ನು ಅಂಥವರಿಗೆ ಕೊಡಬೇಡಿ, ತಪ್ಪೆಣಿಸುವುದು ಅವರಿಗೆ ಈಗಾಗಲೇ ಹೆಚ್ಚಾಗಿರುತ್ತದೆ.

ತಾಜಬಾವಡಿ

ಎಲ್ಲಾರಿಗೂ ಭಾಳ ಉಪಕಾರ್ರಿ. ಅನುಕ್ರಮ ಹಿಂಗ ಹಾಕೀನಿ: ಯಂತ್ರ ಮತ್ತ ತೈತ್ತಿರೀಯ, ಎಪಿಕ್ಯೂರಸ್, ಲಕ್ಕಮ್ಮ ಮತ್ತ ಮಾರಯ್ಯ, ಅರಿಸ್ಟಾಟಲ್, ಎಪಿಕ್ಟೀಟಸ್, ಗೀತೆ ಮತ್ತ ಬುದ್ಧ, ರಾತ್ರಿಯ ಲೆಕ್ಕ. ಎಂಟನೇದು ಖಾಲಿ ಉಳದದ. ರೊಕ್ಕದ ಅಧ್ಯಯನದ ಇಪ್ಪತ್ತು ನಿಮಿಷ ಎರಡನೇ ವಾರಕ್ಕ ಸೇರಸ್ತೀವಿ. ರಾತ್ರಿ ಬರೆದ ಹಾಳಿ ಬಳಗದಾಗ ಓದಸಬೇಕೋ ಬ್ಯಾಡೋ?

ಮಲಪ್ರಭಾ_ದಂಡಿ

ಓದಸಬ್ಯಾಡ್ರಿ, ತರಿಸಿಕೊಳ್ಳೂದೂ ಬ್ಯಾಡ. ನಾಲ್ಕು ಮಂದಿ ಮುಂದ ಓದೂದು ಅಂತ ಗೊತ್ತಾದ್ರ ‘ತನ್ನ ಬಣ್ಣಿಸಬೇಡ’ ಅನ್ನೂ ಸಾಲಿಗೆ ಮೊದಲು ತಪ್ಪತಾರ. ಎಂಟನೇ ವಾರ ಮೊದಲನೇ ದಿನದ ಯಂತ್ರದ ಚೀಟಿಗಳನ್ನ ತಿರುಗಿ ಕೊಡ್ರಿ, ಇನ್ನೊಮ್ಮೆ ಬರೆಸ್ರಿ. ಎರಡನೇ ವಾರ ಮಾಡಿದ ಇಪ್ಪತ್ತು ಬಾಬಿನ ಪಟ್ಟಿಯನ್ನೂ ತಗಸ್ರಿ. ಯಾವ ಬಾಬು ಒಂದು ಪಾಲಿಂದ ಇನ್ನೊಂದಕ್ಕ ಸರಿದೈತಿ, ಯಾಕ ಸರೀತು ಅಂತ ಒಬ್ಬೊಬ್ಬರು ಐದೈದು ನಿಮಿಷ ಹೇಳಲಿ. ಹನ್ನೆರಡು ಮಂದಿಗೆ ಒಂದು ತಾಸು ಬೇಕಾಗತೈತಿ. ಉಳಿದ ಅರ್ಧ ತಾಸಿನ್ಯಾಗ, ಪಟ್ಟಿಯಿಂದ ತಗದ ಖರ್ಚಿನ ರೊಕ್ಕ ಯಾರ ಪಾಲಿಗೆ ಹೋಗಬೇಕು ಅನ್ನೂ ಲಕ್ಕಮ್ಮನ ಪ್ರಶ್ನೆ ತಗೊಳ್ರಿ.